ಎರಡು-ಮೂರು ದಿನಕ್ಕೊಮ್ಮೆ ಕರ್ನಲ್ ಪ್ಯಾನಿಕ್ (ಲಿನಕ್ಸ್‌ನ ತಿರುಳೇ ದೋಷ ಕಂಡು ಯಂತ್ರ ನಿಲ್ಲಿಸೋದು), ಪ್ರತಿ ಸಲ ಬೇರೆ ಜಾಗದಲ್ಲಿ. ರ‍್ಯಾಮ್ ಕೆಟ್ಟಿದೆಯಾ, ಡ್ರೈವರ್ ಕೆಟ್ಟಿದೆಯಾ?

ರೀಬೂಟ್_ರಾಯ:

ಡೆಬಿಯನ್ 12, ಕರ್ನಲ್ 6.1, ಇಂಟೆಲ್ ಸರ್ವರ್, 64 ಜಿಬಿ ಇಸಿಸಿ (ಬಿಟ್ ದೋಷ ತಾನೇ ಹಿಡಿದು ತಿದ್ದುವ) ರ‍್ಯಾಮ್, ಎರಡು ಎನ್‌ವಿಎಂಇ ಡಿಸ್ಕ್. ಜೊತೆಗೆ ಒಂದು 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಇದೆ. ಅದರ ಡ್ರೈವರ್ ಕರ್ನಲ್ ಜೊತೆಗೆ ಬಂದದ್ದಲ್ಲ, ಡಿಕೆಎಂಎಸ್ (ಹೊರಗಿನ ಡ್ರೈವರನ್ನ ಇರುವ ಕರ್ನಲ್‌ಗೆ ಕಂಪೈಲ್ ಮಾಡಿಕೊಡುವ ಟೂಲ್) ಮೂಲಕ ಕಟ್ಟಿಕೊಂಡದ್ದು. ಬೂಟ್ ಸಾಲಿನಲ್ಲಿ ಇಂಟೆಲ್_ಐಒಎಂಎಂಯು=ಆನ್ ಮತ್ತು ಐಒಎಂಎಂಯು=ಪಿಟಿ ಇವೆ (ಐಒಎಂಎಂಯು ಅಂದರೆ ಕಾರ್ಡ್‌ಗಳು ಮೆಮೊರಿಯ ಯಾವ ಭಾಗ ಮುಟ್ಟಬಹುದು ಅಂತ ಕಾಯುವ ಹಾರ್ಡ್‌ವೇರ್, ಪಿಟಿ ಅಂದರೆ ಆ ಕಾವಲಿಲ್ಲದೆ ಬಿಡೋದು).

ಎರಡೂವರೆ ದಿನಕ್ಕೆ ಸರಾಸರಿ ಒಂದು ಸಲ ಬೀಳ್ತಿದೆ. ಸೀರಿಯಲ್ ಕನ್ಸೋಲ್‌ನಲ್ಲಿ ಸಿಕ್ಕ ನಾಲ್ಕು ಊಪ್ಸ್ (ಕರ್ನಲ್‌ನ ದೋಷ ವರದಿ) ಹೀಗಿವೆ. ಮೊದಲ ಎರಡು __ಕೆಮೆಮ್_ಕ್ಯಾಶ್_ಅಲಾಕ್_ನೋಡ್ (ಕರ್ನಲ್‌ನಲ್ಲಿ ಮೆಮೊರಿ ತುಂಡು ಹಂಚುವ ಫಂಕ್ಷನ್) ಒಳಗೆ ಜನರಲ್ ಪ್ರೊಟೆಕ್ಷನ್ ಫಾಲ್ಟ್, ನಾನ್-ಕೆನಾನಿಕಲ್ (ಇರಲಾಗದ) ಅಡ್ರೆಸ್. ಒಂದರಲ್ಲಿ ಓಡ್ತಿದ್ದದ್ದು ಆರ್‌ಸಿಂಕ್, ಇನ್ನೊಂದರಲ್ಲಿ ಎಸ್‌ಎಸ್‌ಎಚ್‌ಡಿ. ಮೂರನೆಯದು ಲಿಸ್ಟ್_ಡೆಲ್ ಕರಪ್ಷನ್ (ಒಳಗಿನ ಒಂದು ಪಟ್ಟಿಯ ಕೊಂಡಿ ಕೆಟ್ಟಿದೆ ಅನ್ನೋ ದೂರು). ನಾಲ್ಕನೆಯದು ಎಕ್ಸ್‌ಟಿ4 (ಡಿಸ್ಕಿನ ಫೈಲ್ ಸಿಸ್ಟಮ್) ಒಳಗೆ ನಲ್ ಪಾಯಿಂಟರ್. ಒಂದಕ್ಕೊಂದು ತಾಳೆ ಇಲ್ಲ.

ಕ್ರ್ಯಾಶ್ ಆಗುವ ಮೊದಲು /ಪ್ರಾಕ್/ಸಿಸ್/ಕರ್ನಲ್/ಟೇಂಟೆಡ್ (ಕರ್ನಲ್‌ಗೆ ಏನೇನು ಕಲೆ ಅಂಟಿದೆ ಅನ್ನೋ ಸಂಖ್ಯೆ) ಓದಿದರೆ 12288 ಬರುತ್ತೆ. ಎಕ್ಸ್‌ಟಿ4ನಲ್ಲೇ ಬಗ್ ಇದೆಯಾ ಅಂತ ಒಂದು ಅನುಮಾನ, ರ‍್ಯಾಮ್ ಬದಲಾಯಿಸೋಣವೇ ಅಂತ ಇನ್ನೊಂದು. ಎಲ್ಲಿಂದ ಹಿಡಿಯಬೇಕು?

ಸೊನ್ನೆಒಂದು:

ಮೊದಲು ಮೆಮ್‌ಟೆಸ್ಟ್86+ ಹಾಕಿ, ಒಂದು ರಾತ್ರಿ ಪೂರ್ತಿ ಓಡಲಿ. 6.00ರ ನಂತರದ ಆವೃತ್ತಿ ತಗೊಳ್ಳಿ, ಅದು ಯುಇಎಫ್ಐನಲ್ಲೂ ಬೂಟ್ ಆಗುತ್ತೆ. ಬೇರೆ ಬೇರೆ ಜಾಗದಲ್ಲಿ ಬೀಳ್ತಿದೆ ಅಂದರೆ ನೂರಕ್ಕೆ ತೊಂಬತ್ತು ಪಾಲು ರ‍್ಯಾಮೇ.

ಬೈಟು_ಕಾಫಿ:

ತೊಂಬತ್ತು ಪಾಲು ಅನ್ನೋದನ್ನ ನಾನು ಒಪ್ಪಲ್ಲ. ಇಸಿಸಿ ಇರುವ ಯಂತ್ರ ಇದು. ರ‍್ಯಾಮ್ ಕೆಟ್ಟಿದ್ದರೆ ಲೆಕ್ಕ ಎಲ್ಲಾದರೂ ಬಿದ್ದಿರಬೇಕು. /ಸಿಸ್/ಡಿವೈಸಸ್/ಸಿಸ್ಟಮ್/ಎಡಾಕ್/ಎಂಸಿ/ಎಂಸಿ0/ ಅಡಿಯ ಸಿಇ_ಕೌಂಟ್, ಯುಇ_ಕೌಂಟ್ (ತಿದ್ದಿದ ದೋಷ, ತಿದ್ದಲಾಗದ ದೋಷಗಳ ಎಣಿಕೆ) ನೋಡಿ. ರಾಸ್‌ಡೀಮನ್ ಹಾಕಿಟ್ಟರೆ ತಾರೀಖು-ಸಮೇತ ಬರೆದಿಡುತ್ತೆ. ಎರಡೂ ಸೊನ್ನೆ ಇದ್ದರೆ ಮೆಮ್‌ಟೆಸ್ಟ್ ಆಮೇಲೆ ನೋಡೋಣ. ಒಂದು ಮಾತು: ಎಡಾಕ್ (ಈ ದೋಷ ಎಣಿಸುವ) ಡ್ರೈವರ್ ಲೋಡ್ ಆಗಿರದಿದ್ದರೆ ಎಂಸಿ0 ಅನ್ನೋ ಡೈರೆಕ್ಟರಿಯೇ ಇರಲ್ಲ. ಫೈಲ್ ಇಲ್ಲದ್ದನ್ನ "ದೋಷ ಸೊನ್ನೆ" ಅಂತ ಓದಿಕೊಳ್ಳಬೇಡಿ.

ಇನ್ನು 12288. ಅದು 4096 ಕೂಡಿಸು 8192, ಅಂದರೆ ಒ ಮತ್ತು ಇ: ಹೊರಗಿನ ಮಾಡ್ಯೂಲ್, ಸಹಿ ಇಲ್ಲದ ಮಾಡ್ಯೂಲ್. 16 ಸೇರಿಲ್ಲ, ಆದ್ದರಿಂದ ಬೂಟ್ ಆದ ಮೇಲೆ ಮಷೀನ್ ಚೆಕ್ (ಹಾರ್ಡ್‌ವೇರ್ ದೋಷದ ಸೂಚನೆ) ಬಂದಿಲ್ಲ. 32 ಸೇರಿಲ್ಲ, ಬ್ಯಾಡ್ ಪೇಜ್ ಕಂಡಿಲ್ಲ. ಅನುಮಾನದ ಬೆರಳು ಎತ್ತ ತೋರಿಸ್ತಿದೆ ಅಂತ ಗೊತ್ತಾಗ್ತಿದೆ, ಆದರೆ ಇದು ಸಾಕ್ಷಿ ಅಲ್ಲ.

ಎಕ್ಸ್‌ಟಿ4 ಅನ್ನು ಬಿಟ್ಟುಬಿಡಿ ರಾಯರೇ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಕಥೆ ಇದು. ಊಪ್ಸ್‌ನಲ್ಲಿ ಕಾಣ್ತಿರೋದು ಮೇಕೆ. ಆರ್‌ಸಿಂಕ್, ಎಸ್‌ಎಸ್‌ಎಚ್‌ಡಿ, ಎಕ್ಸ್‌ಟಿ4 ಎಲ್ಲ ಮೇಕೆಗಳೇ. ಮೆಮೊರಿ ಕೆಡಿಸಿದವರು ಕೆಡಿಸಿ ಹೋಗಿ ಎಷ್ಟೋ ಹೊತ್ತಾದ ಮೇಲೆ ಇವರು ಅದನ್ನ ಮುಟ್ಟಿ ಸತ್ತಿದ್ದಾರೆ.

ವಿಳಾಸ ಯಾಕೆ ಅರ್ಥವಿಲ್ಲದ ಕಸದ ಹಾಗೆ ಕಾಣುತ್ತೆ ಅನ್ನೋದಕ್ಕೂ ಕಾರಣ ಇದೆ. ಸ್ಲಬ್‌ನಲ್ಲಿ (ಕರ್ನಲ್‌ನ ಮೆಮೊರಿ ಹಂಚುವ ಭಾಗ) ಖಾಲಿ ತುಂಡಿನೊಳಗೇ "ಮುಂದಿನ ಖಾಲಿ ತುಂಡು ಎಲ್ಲಿ" ಅನ್ನೋ ಪಾಯಿಂಟರ್ ಇರುತ್ತೆ. ಸ್ಲ್ಯಾಬ್_ಫ್ರೀಲಿಸ್ಟ್_ಹಾರ್ಡನ್ಡ್ ಇರುವ ಕರ್ನಲ್‌ನಲ್ಲಿ (ಡೆಬಿಯನ್‌ದು ಹಾಗೇ ಇದೆ) ಅದನ್ನ ಒಂದು ಗುಪ್ತ ಸಂಖ್ಯೆಯ ಜೊತೆ ಎಕ್ಸ್-ಆರ್ (ಎರಡರ ಬಿಟ್‌ಗಳು ಬೇರೆ ಇದ್ದಲ್ಲಿ ಮಾತ್ರ 1 ಉಳಿಸುವ ಲೆಕ್ಕ) ಮಾಡಿ ಇಡುತ್ತಾರೆ. ಯಾರಾದರೂ ಅದರ ಮೇಲೆ ಸುಮ್ಮನೆ ಒಂದು ಸೊನ್ನೆ ಬರೆದರೂ, ಬಿಡಿಸಿ ಓದುವಾಗ ಕಸವೇ ಬರೋದು. ಆ ಕಸ ವಿಳಾಸವನ್ನ ಮುಟ್ಟಲು ಹೋದಾಗ ಜನರಲ್ ಪ್ರೊಟೆಕ್ಷನ್ ಫಾಲ್ಟ್. ನಿಮ್ಮ ಮೊದಲ ಎರಡು ಕ್ರ್ಯಾಶ್ ಇದೇ ಜಾತಿ.

ಈಗ ಮಾಡಬೇಕಾದದ್ದು ಕೆಡಂಪ್, ಅಂದರೆ ಬಿದ್ದ ಕ್ಷಣದ ಮೆಮೊರಿಯನ್ನ ಫೈಲಿಗೆ ಉಳಿಸೋದು. ಕೆಡಂಪ್-ಟೂಲ್ಸ್ ಪ್ಯಾಕೇಜ್ ಹಾಕಿ, ಬೂಟ್ ಸಾಲಿಗೆ ಕ್ರ್ಯಾಶ್‌ಕರ್ನಲ್=512ಎಂ ಸೇರಿಸಿ. ಸಿಸ್‌ಸಿಟಿಎಲ್‌ನಲ್ಲಿ ಕರ್ನಲ್.ಪ್ಯಾನಿಕ್_ಆನ್_ಊಪ್ಸ್=1 ಇರಲೇಬೇಕು, ಇಲ್ಲದಿದ್ದರೆ ಮೊದಲ ಊಪ್ಸ್ ಆದ ಮೇಲೂ ಯಂತ್ರ ಕುಂಟುತ್ತಾ ಓಡಿ ಸಾಕ್ಷಿ ಅಳಿಸಿಹಾಕುತ್ತೆ. /ಇಟಿಸಿ/ಡಿಫಾಲ್ಟ್/ಕೆಡಂಪ್-ಟೂಲ್ಸ್ ಫೈಲಿನಲ್ಲಿ ಮೇಕ್‌ಡಂಪ್‌ಫೈಲ್‌ಗೆ ಸಾಮಾನ್ಯವಾಗಿ -ಡಿ 31 ಇರುತ್ತೆ. ಅದನ್ನ -ಡಿ 15 ಮಾಡಿ. 31ರಲ್ಲಿ 16 ಅನ್ನೋದು "ಖಾಲಿ ಪುಟ ಬಿಟ್ಟುಬಿಡು" ಅಂತ. ಮೆಮೊರಿ ಕೆಟ್ಟಾಗ ನಮಗೆ ಬೇಕಾದ ಸಾಕ್ಷಿ ಆ ಖಾಲಿ ಪುಟದಲ್ಲೇ ಇದ್ದರೂ ಇರಬಹುದು. ಕೊನೆಗೆ /ಪ್ರಾಕ್/ಸಿಸ್‌ಆರ್‌ಕ್ಯೂ-ಟ್ರಿಗರ್‌ಗೆ ಸಿ ಅಕ್ಷರ ಬರೆದು ಬೇಕಂತಲೇ ಒಮ್ಮೆ ಬೀಳಿಸಿ. /ವಾರ್/ಕ್ರ್ಯಾಶ್ ಅಡಿಯಲ್ಲಿ ಡಂಪ್ ಬಂತಾ ನೋಡಿ. ಇದನ್ನ ಪರೀಕ್ಷಿಸದೆ ಬಿಟ್ಟರೆ ನಿಜವಾದ ಕ್ರ್ಯಾಶ್ ದಿನ ಖಾಲಿ ಡೈರೆಕ್ಟರಿ ನೋಡಿಕೊಂಡು ಕೂರಬೇಕಾಗುತ್ತೆ.

ಡಂಪ್ ಸಿಕ್ಕ ಮೇಲೆ ಅದೇ ಆವೃತ್ತಿಯ ಡಿಬಿಜಿ ಪ್ಯಾಕೇಜಿನ ವಿಎಂಲಿನಕ್ಸ್ ಕೊಟ್ಟು ಕ್ರ್ಯಾಶ್ ಟೂಲ್ ತೆರೆಯಿರಿ. ಬಿಟಿ ಕೊಟ್ಟು ರಿಜಿಸ್ಟರ್ ನೋಡಿ. ಅಲಾಕ್ ಫಂಕ್ಷನ್ ಒಳಗೆ ಬಿದ್ದಿದ್ದರೆ ಯಾವುದೋ ಒಂದು ರಿಜಿಸ್ಟರ್‌ನಲ್ಲಿ ಕೆಮೆಮ್_ಕ್ಯಾಶ್‌ನ (ಒಂದೇ ಅಳತೆಯ ತುಂಡುಗಳ ಡಬ್ಬ) ವಿಳಾಸ ಇರುತ್ತೆ. ಸ್ಟ್ರಕ್ಟ್ ಕೆಮೆಮ್_ಕ್ಯಾಶ್.ನೇಮ್ ಅಂತ ಆ ವಿಳಾಸಕ್ಕೆ ಕೇಳಿದರೆ ಯಾವ ಡಬ್ಬದಲ್ಲಿ ಹುಳ ಬಿದ್ದಿದೆ ಗೊತ್ತಾಗುತ್ತೆ. ಅದರ ಹೆಸರು ಇಲ್ಲಿ ಹಾಕಿ.

ಇನ್ನೊಂದು, ಪ್ರತಿ ಕ್ರ್ಯಾಶಿನ ಹಿಂದಿನ ಒಂದು ಗಂಟೆಯ ಕರ್ನಲ್ ಲಾಗ್ ಅಕ್ಕಪಕ್ಕ ಇಟ್ಟು ಓದಿ. ಊಪ್ಸ್‌ಗಿಂತ ಅದರ ಮೇಲಿನ ಸಾಲುಗಳೇ ಹೆಚ್ಚು ಹೇಳುತ್ತವೆ.

ರೀಬೂಟ್_ರಾಯ:

ಎಡಾಕ್ ಲೋಡ್ ಆಗಿದೆ, ಎರಡೂ ಲೆಕ್ಕ ಸೊನ್ನೆ. ಎರಡು ಡಂಪ್ ಸಿಕ್ಕಿವೆ, ಎರಡರಲ್ಲೂ ಡಬ್ಬ ಕೆಮ್ಯಾಲಾಕ್-512 (512 ಬೈಟಿನ ತುಂಡುಗಳದು). ಲಾಗ್ ಅಕ್ಕಪಕ್ಕ ಇಟ್ಟಾಗ ಇನ್ನೊಂದು ಕಂಡಿತು: ಪ್ರತಿ ಕ್ರ್ಯಾಶಿಗೂ ಮೊದಲು, ಕೆಲವು ಸೆಕೆಂಡಿನಿಂದ ಹಿಡಿದು 40 ನಿಮಿಷದ ಒಳಗೆ, 10 ಗಿಗಾಬಿಟ್ ಕಾರ್ಡಿನ ಲಿಂಕ್ ಡೌನ್ ಆಗಿ ಅಪ್ ಆಗಿದೆ. ಆದರೆ ದಿನಕ್ಕೆ ಹತ್ತು ಹದಿನೈದು ಸಲ ಲಿಂಕ್ ಹೀಗೆ ಹೋಗಿಬಂದರೂ ಬಹುತೇಕ ಏನೂ ಆಗಲ್ಲ. ಕಾಕತಾಳೀಯವೋ?

ಕೆಎಸಾನ್ (ತಪ್ಪು ಮೆಮೊರಿ ಬಳಕೆ ಹಿಡಿಯುವ ತಪಾಸಣೆ) ಹಾಕಿದ ಕರ್ನಲ್ ಕಟ್ಟಬೇಕು ಅಂದುಕೊಂಡಿದ್ದೇನೆ.

ಪುಟ_4096:

ಕೆಎಸಾನ್ ಒಳ್ಳೆಯ ಆಯುಧ, ಆದರೆ ಈಗಲೇ ಬೇಡ. ಕರ್ನಲ್ ಪೂರ್ತಿ ಹೊಸದಾಗಿ ಕಟ್ಟಬೇಕು. ಜೆನೆರಿಕ್ ಕೆಎಸಾನ್ ನೆರಳು-ಮೆಮೊರಿಗೆಂದೇ ರ‍್ಯಾಮಿನ ಎಂಟನೇ ಒಂದು ಪಾಲು ತಗೊಳ್ಳುತ್ತೆ, ನಿಮ್ಮಲ್ಲಿ 8 ಜಿಬಿ. ವೇಗ ಎರಡು-ಮೂರು ಪಟ್ಟು ಇಳಿಯುತ್ತೆ. ಸಮಯದ ಕೂದಲೆಳೆಯಲ್ಲಿ ಆಗುವ ಬಗ್ ಆ ನಿಧಾನದಲ್ಲಿ ಮಾಯವಾಗಿಬಿಡಬಹುದು. ಡಿಕೆಎಂಎಸ್ ಡ್ರೈವರನ್ನೂ ಅದೇ ಕರ್ನಲ್ ಮೇಲೆ ಮತ್ತೆ ಕಟ್ಟಬೇಕು, ಮತ್ತು ಅದರೊಳಗೆ ಮೊದಲೇ ಕಂಪೈಲ್ ಆದ ಬೈನರಿ ತುಂಡು ಇದ್ದರೆ ಆ ಭಾಗ ಕೆಎಸಾನ್‌ನ ಕಣ್ಣಿಗೇ ಬೀಳಲ್ಲ.

ಡಬ್ಬ ಗೊತ್ತಾಗಿದೆ ಅಲ್ಲ, ಅದೊಂದಕ್ಕೇ ಕಾವಲು ಹಾಕಿ. ಬೂಟ್ ಸಾಲಿನಲ್ಲಿ:

ಸ್ಲಬ್_ಡೀಬಗ್=ಎಫ್‌ಝಡ್‌ಪಿಯು,ಕೆಮ್ಯಾಲಾಕ್-512

ಎಫ್ ಅಂದರೆ ಸಾಮಾನ್ಯ ತಪಾಸಣೆ, ಝಡ್ ತುಂಡಿನ ಅಂಚಿಗೆ ಕೆಂಪು ಪಟ್ಟಿ, ಪಿ ಖಾಲಿ ತುಂಡಿಗೆ ವಿಷ (6ಬಿ ಅನ್ನೋ ಗುರುತಿನ ಬೈಟ್) ತುಂಬುವುದು, ಯು ಯಾರು ಪಡೆದರು ಯಾರು ಬಿಟ್ಟರು ಅನ್ನೋ ದಾಖಲೆ. ಕರ್ನಲ್ ಮತ್ತೆ ಕಟ್ಟೋದು ಬೇಡ. ಒಂದೇ ಡಬ್ಬಕ್ಕೆ ಹಾಕಿದರೆ ಬೆಲೆಯೂ ಕಡಿಮೆ. ಇನ್ನೊಂದು ಲಾಭ: ಸ್ಲಬ್ ಒಂದೇ ಅಳತೆಯ ಡಬ್ಬಗಳನ್ನ ಗುಟ್ಟಾಗಿ ಒಂದೇ ಡಬ್ಬ ಮಾಡಿರುತ್ತೆ. ಡೀಬಗ್ ಹಾಕಿದ ಡಬ್ಬವನ್ನ ಯಾರ ಜೊತೆಗೂ ಸೇರಿಸಲ್ಲ. ಹಾಗಾಗಿ ನಿಜವಾಗಿ ಕೆಮ್ಯಾಲಾಕ್-512 ಬಳಸುವವರೇ ಕಳ್ಳರೋ, ಅದಕ್ಕೆ ಅಂಟಿಕೊಂಡಿದ್ದ ಬೇರೆ ಡಬ್ಬದವರೋ ಅನ್ನೋದೂ ಬೇರೆಯಾಗುತ್ತೆ. ಡೀಬಗ್ ಹಾಕಿದ ಮೇಲೆ ರೋಗ ಬೇರೆ ಡಬ್ಬಕ್ಕೆ ಹಾರಿದರೆ ಸ್ಲ್ಯಾಬ್_ನೋಮರ್ಜ್ ಅನ್ನೂ ಸೇರಿಸಿ.

ಎಚ್ಚರಿಕೆ ಒಂದಿದೆ. ಪಿ ಹಾಕಿದ ಮೇಲೆ ಕ್ರ್ಯಾಶ್ ನಿಂತುಹೋದಂತೆ ಕಾಣಬಹುದು, ವಾಸಿಯಾಯ್ತು ಅಂದುಕೊಳ್ಳಬೇಡಿ. ಕರ್ನಲ್ 5.7ರಿಂದೀಚೆಗೆ (2020) ಖಾಲಿ ತುಂಡಿನ ಪಾಯಿಂಟರ್ ತುಂಡಿನ ನಟ್ಟನಡುವೆ ಇರುತ್ತೆ, 512ರ ತುಂಡಿನಲ್ಲಿ 256ನೇ ಬೈಟಿನ ಹತ್ತಿರ. ಪಿ ಹಾಕಿದಾಗ ಅದನ್ನ ತುಂಡಿನ ಆಚೆಗೆ ಸಾಗಿಸುತ್ತಾರೆ. ಆಮೇಲೆ ಯಾರೇ ಖಾಲಿ ತುಂಡಿನೊಳಗೆ ಗೀಚಿದರೂ ಪಾಯಿಂಟರ್ ಉಳಿಯುತ್ತೆ, ವಿಷ ಮಾತ್ರ ಅಳಿಸುತ್ತೆ. ಆ ತುಂಡನ್ನ ಮುಂದಿನವರಿಗೆ ಕೊಡುವಾಗ ಸ್ಲಬ್ ತಪಾಸಣೆ ಮಾಡಿ "ಪಾಯ್ಸನ್ ಓವರ್‌ರಿಟನ್" ಅಂತ ವರದಿ ಬರೆದು, ಆ ಸ್ಲ್ಯಾಬನ್ನೇ ಬದಿಗಿಟ್ಟು ಮುಂದೆ ಹೋಗುತ್ತೆ. ಯಂತ್ರ ಬೀಳಲ್ಲ. ಅದಕ್ಕೇ ಲಾಗ್ ಕಾಯಬೇಕು.

ಯಾರೂ ಕೇಳದ ತುಂಡು ಕೆಟ್ಟಿದ್ದರೆ ವರದಿ ಬರೋದೇ ಇಲ್ಲ. ನಿಮಿಷಕ್ಕೊಮ್ಮೆ /ಸಿಸ್/ಕರ್ನಲ್/ಸ್ಲ್ಯಾಬ್/ಕೆಮ್ಯಾಲಾಕ್-512/ವ್ಯಾಲಿಡೇಟ್‌ಗೆ 1 ಬರೆಯುವ ಹಾಗೆ ಕ್ರಾನ್ ಹಾಕಿ. ಡಬ್ಬ ಪೂರ್ತಿ ಜಾಲಾಡುತ್ತೆ.

ಮತ್ತೆ ಎರಡು ದಿನ ಕಾಯಬೇಡಿ. ಕಾರ್ಡಿನಲ್ಲಿ ಸ್ವಲ್ಪ ಟ್ರಾಫಿಕ್ ಓಡಿಸುತ್ತಾ ಐಪಿ ಲಿಂಕ್ ಸೆಟ್ ಡೌನ್, ಐದು ಸೆಕೆಂಡ್, ಅಪ್, ಹತ್ತು ಸೆಕೆಂಡ್, ಹೀಗೆ 200 ಸಲ ಲೂಪ್ ಹಾಕಿ. ಕಾಕತಾಳೀಯವೋ ಅಲ್ಲವೋ ಒಂದು ಗಂಟೆಯೊಳಗೆ ತಿಳಿಯುತ್ತೆ.

ರೀಬೂಟ್_ರಾಯ:

ಸಿಕ್ಕಿತು! 200 ಸಲದಲ್ಲಿ 5 ವರದಿ. ಒಂದೂ ಕ್ರ್ಯಾಶ್ ಇಲ್ಲ. ಒಂದು ವರದಿ, ಡ್ರೈವರ್ ಹೆಸರು ತೆಗೆದು ಹಾಕ್ತಿದ್ದೇನೆ:

ಬಗ್ ಕೆಮ್ಯಾಲಾಕ್-512: ಪಾಯ್ಸನ್ ಓವರ್‌ರಿಟನ್
ಮೊದಲ ಬೈಟ್ 6ಬಿ ಇರಬೇಕಿತ್ತು, ಇರುವುದು ಇ8
ಅಲೊಕೇಟೆಡ್ ಇನ್: ಡ್ರೈವರಿನ ಸೆಟಪ್_ಸ್ಟ್ಯಾಟ್ಸ್
ಫ್ರೀಡ್ ಇನ್: ಡ್ರೈವರಿನ ಫ್ರೀ_ಸ್ಟ್ಯಾಟ್ಸ್, ಏಜ್=3
ಆಬ್ಜೆಕ್ಟ್: ಇ8 3ಎಫ್ 0ಸಿ 00 00 00 00 00 ಬಿ0 5ಡಿ 1ಎ 2ಎಫ್ 00 00 00 00 …

ಡ್ರೈವರಿನ ಸೋರ್ಸ್ ಪೂರ್ತಿ ಹುಡುಕಿದೆ. ಫ್ರೀ_ಸ್ಟ್ಯಾಟ್ಸ್ ಆದ ಮೇಲೆ ಆ ಪಾಯಿಂಟರಿಗೆ ಬರೆಯುವ ಒಂದೇ ಒಂದು ಸಾಲು ಇಲ್ಲ. ಬಿಟ್ಟ ತಕ್ಷಣ ಅದನ್ನ ನಲ್ ಕೂಡ ಮಾಡ್ತಾರೆ. ಹಾಗಾದರೆ ಬರೆದವರು ಯಾರು?

ಸೊನ್ನೆಒಂದು:

ನೋಡಿ, 6ಬಿ ಜಾಗದಲ್ಲಿ ಇ8. ಬಿಟ್ ತಿರುಗಿದೆ. ರ‍್ಯಾಮ್ ಅಂದಿದ್ದೆನಲ್ಲ.

ಪುಟ_4096:

ಬಿಟ್ ತಿರುಗಿದ್ದರೆ ಎಕ್ಸ್-ಆರ್ ಮಾಡಿದಾಗ ಒಂದೇ ಬಿಟ್ ಉಳಿಯಬೇಕು. 6ಬಿ ಹೋಗಿ 7ಬಿ ಆಗಿದ್ದರೆ ಅಥವಾ 6ಎ ಆಗಿದ್ದರೆ ನಾನೇ ರ‍್ಯಾಮ್ ತೆಗೆಸಿ ಅಂತಿದ್ದೆ. ಇಲ್ಲಿ 512 ಬೈಟೂ ಬದಲಾಗಿದೆ, ಅದೂ ಎಂಟೆಂಟು ಬೈಟಿನ ಅಚ್ಚುಕಟ್ಟು ಕಂತೆಯಲ್ಲಿ, ಪ್ರತಿ ಕಂತೆಯ ಮೇಲಿನ ಬೈಟ್‌ಗಳು ಸೊನ್ನೆ. ಇದು ಯಾರೋ ಲೆಕ್ಕ ಬರೆದ ಪುಸ್ತಕ.

ಇಂಟೆಲ್‌ನಲ್ಲಿ ಚಿಕ್ಕ ಬೈಟ್ ಮೊದಲು ಬರುತ್ತೆ, ಹಿಂದಿನಿಂದ ಓದಬೇಕು. ಮೊದಲ ಕಂತೆ 0ಸಿ3ಎಫ್ಇ8, ಅಂದರೆ 8,02,792. ಎರಡನೆಯದು 2ಎಫ್1ಎ5ಡಿಬಿ0, ಅಂದರೆ 79,02,57,072. ಎರಡನೆಯದನ್ನ ಮೊದಲನೆಯದರಿಂದ ಭಾಗಿಸಿ: ಸುಮಾರು 984. 1500ರ ಎಂಟಿಯುಗೆ (ಒಂದು ಪ್ಯಾಕೆಟ್ ಹೊರಬಹುದಾದ ಗರಿಷ್ಠ ಬೈಟ್) ಹೇಳಿ ಮಾಡಿಸಿದ ಸರಾಸರಿ ಪ್ಯಾಕೆಟ್ ಅಳತೆ. ಮೊದಲನೆಯದು ಬಂದ ಪ್ಯಾಕೆಟ್‌ಗಳ ಎಣಿಕೆ, ಎರಡನೆಯದು ಬಂದ ಬೈಟ್‌ಗಳ ಎಣಿಕೆ. 512ರಲ್ಲಿ ಇಂಥ 64 ಎಣಿಕೆ ಹಿಡಿಯುತ್ತವೆ. ಈಥ್‌ಟೂಲ್ -ಎಸ್ (ದೊಡ್ಡಕ್ಷರ) ಕೊಟ್ಟು ಅದೇ ಸಾಲು-ಕ್ರಮ ಇದೆಯಾ ತಾಳೆ ನೋಡಿ.

ಬರೆದದ್ದು ಸಿಪಿಯು ಅಲ್ಲ. ಕಾರ್ಡೇ ಡಿಎಂಎ (ಸಿಪಿಯುವಿನ ಕೈ ಇಲ್ಲದೆ ಸಾಧನವೇ ಬರೆಯುವ ದಾರಿ) ಮೂಲಕ ನೇರ ರ‍್ಯಾಮಿಗೆ ಬರೆದಿದೆ. ಸೋರ್ಸ್‌ನಲ್ಲಿ ಬರೆಯುವ ಸಾಲು ಸಿಗದಿದ್ದದ್ದು ಅದಕ್ಕೇ. ಕೆಎಸಾನ್ ಕಟ್ಟಿದ್ದರೂ ಇದನ್ನ ಹಿಡಿಯುತ್ತಿರಲಿಲ್ಲ: ಅದು ಕಂಪೈಲರ್ ಸೇರಿಸಿದ ತಪಾಸಣೆಯ ಮೇಲೆ ನಿಂತಿದೆ, ಸಾಧನ ಬರೆಯುವಾಗ ಆ ಕೋಡ್ ಓಡೋದೇ ಇಲ್ಲ. ಕರ್ನಲ್ 5.12ರಲ್ಲಿ (2021) ಬಂದ ಕೆಫೆನ್ಸ್ (ಇಂಥದೇ ಇನ್ನೊಂದು ಹಗುರ ತಪಾಸಣೆ) ಕೂಡ ಅಷ್ಟೇ. ಅದು ಸಿಪಿಯುವಿನ ಪೇಜ್ ಟೇಬಲ್ (ವಿಳಾಸ ಅನುವಾದದ ಪಟ್ಟಿ) ಕಾಯುತ್ತೆ, ಡಿಎಂಎ ಆ ಬಾಗಿಲಿನಿಂದ ಬರಲ್ಲ. ವಿಷ ಅಳಿಸಿದೆ, ಕೆಎಸಾನ್ ಬಾಯಿ ಬಿಡಲ್ಲ ಅಂದರೆ ಡಿಎಂಎ ಅಥವಾ ಹಾರ್ಡ್‌ವೇರ್ ಕಡೆ ತಿರುಗಬೇಕು.

ಏಜ್=3 ನೋಡಿ. ಅದು ಜಿಫಿಯಲ್ಲಿದೆ, ಅಂದರೆ ಕರ್ನಲ್ ಗಡಿಯಾರದ ಟಿಕ್‌ನಲ್ಲಿ. ಎಚ್‌ಝಡ್ (ಸೆಕೆಂಡಿಗೆ ಎಷ್ಟು ಟಿಕ್) 250 ಆದರೆ 12 ಮಿಲಿಸೆಕೆಂಡ್. ತುಂಡು ಬಿಟ್ಟ 12 ಮಿಲಿಸೆಕೆಂಡಿನೊಳಗೆ ಕಾರ್ಡ್ ಬರೆದಾಗಿದೆ, ಇನ್ನೊಬ್ಬರು ಬಂದು ಅದನ್ನೇ ಕೇಳಿಯೂ ಆಗಿದೆ. ಡೀಬಗ್ ಇಲ್ಲದ ಸ್ಲಬ್ ಕೊನೆಗೆ ಬಿಟ್ಟದ್ದನ್ನ ಮೊದಲು ಕೊಡುತ್ತೆ. ಕಾರ್ಡ್ ಬರೆಯುವ ಹೊತ್ತಿಗೆ ತುಂಡು ಇನ್ನೂ ಖಾಲಿ ಇದ್ದರೆ ನಡುವಿನ ಪಾಯಿಂಟರ್ ಹಾಳು, ನಿಮ್ಮ ಒಂದು ಮತ್ತು ಎರಡನೇ ಕ್ರ್ಯಾಶ್. ಅಷ್ಟರಲ್ಲಿ ಬೇರೆಯವರ ಕೈಗೆ ಹೋಗಿದ್ದರೆ ಅವರ ಡೇಟಾ ಹಾಳು, ಮೂರು ಮತ್ತು ನಾಲ್ಕನೆಯದು. ಕಾರ್ಡ್ ಆ ಕ್ಷಣದಲ್ಲಿ ಬರೆಯದಿದ್ದರೆ ಏನೂ ಇಲ್ಲ. ದಿನಕ್ಕೆ ಹದಿನೈದು ಸಲ ಲಿಂಕ್ ಹೋದರೂ ಬಚಾವಾಗ್ತಿದ್ದದ್ದು ಹೀಗೆ.

ಇದೆಲ್ಲ ಸದ್ಯಕ್ಕೆ ತರ್ಕ. ಸಾಕ್ಷಿ ಬೇಕಂದರೆ ಐಒಎಂಎಂಯು=ಪಿಟಿ ತೆಗೆಯಿರಿ. ಅದು ಇರುವ ತನಕ ಕಾರ್ಡಿಗೆ ಇಡೀ ರ‍್ಯಾಮ್ ತೆರೆದ ಮನೆ. ಅದರ ಬದಲು ಐಒಎಂಎಂಯು.ಪಾಸ್‌ಥ್ರೂ=0 ಐಒಎಂಎಂಯು.ಸ್ಟ್ರಿಕ್ಟ್=1 ಹಾಕಿ. ಸ್ಟ್ರಿಕ್ಟ್ ಮರೆಯಬೇಡಿ. ಅದಿಲ್ಲದಿದ್ದರೆ ಡಿಎಂಎ_ಅನ್‌ಮ್ಯಾಪ್ (ಕಾರ್ಡಿಗೆ ಕೊಟ್ಟ ಅನುಮತಿ ಹಿಂಪಡೆಯೋದು) ಆದ ಮೇಲೂ ಹಳೆಯ ಅನುವಾದ ಕೆಲವು ಮಿಲಿಸೆಕೆಂಡ್ ಜೀವಂತ ಇರುತ್ತೆ, ನಿಮ್ಮ ಕಳ್ಳ ನುಸುಳುವುದು ಅದೇ ಕಿಂಡಿಯಲ್ಲಿ. ಸ್ಟ್ರಿಕ್ಟ್‌ನಲ್ಲಿ ಅನ್‌ಮ್ಯಾಪ್ ಆದ ಕೂಡಲೇ ಬಾಗಿಲು ಬೀಳುತ್ತೆ.

ರೀಬೂಟ್_ರಾಯ:

ಈಥ್‌ಟೂಲ್ ಕ್ರಮ ತಾಳೆಯಾಯ್ತು. ಸ್ಟ್ರಿಕ್ಟ್ ಹಾಕಿ ಲೂಪ್ ಓಡಿಸಿದೆ. ಪಾಯ್ಸನ್ ವರದಿ ಒಂದೂ ಇಲ್ಲ, ಅದರ ಬದಲು ಡಿಮಾರ್ (ಐಒಎಂಎಂಯು ತಡೆದದ್ದರ ವರದಿ) ಸಾಲು ಬರ್ತಿವೆ: ಡಿಎಂಎ ರೈಟ್, ರಿಕ್ವೆಸ್ಟ್ ಡಿವೈಸ್ 03:00.0, ಫಾಲ್ಟ್ ರೀಸನ್ 05, ಪಿಟಿಇ ರೈಟ್ ಆಕ್ಸೆಸ್ ಈಸ್ ನಾಟ್ ಸೆಟ್. ಎಲ್‌ಎಸ್‌ಪಿಸಿಐನಲ್ಲಿ 03:00.0 ಅದೇ ಕಾರ್ಡ್.

ಡ್ರೈವರಿನ ಡೌನ್ ದಾರಿ ಹೀಗಿದೆ: ಡಿಎಂಎ_ಅನ್‌ಮ್ಯಾಪ್_ಸಿಂಗಲ್, ಕೆಫ್ರೀ (ತುಂಡು ಬಿಡೋದು), ಆಮೇಲೆ ಸಾಧನ ನಿಲ್ಲಿಸುವ ರಿಜಿಸ್ಟರ್‌ಗೆ ಬರೆಯೋದು. ನಿಲ್ಲಿಸೋದು ಮೊದಲು ಬರುವ ಹಾಗೆ ಅದಲುಬದಲು ಮಾಡಿದರೆ ಸಾಕಾ?

ಬೈಟು_ಕಾಫಿ:

ಮೇಕೆ ಬಾಯಿ ನೋಡಿದ್ದು ಮುಗೀತು, ಕೋತಿ ಸಿಕ್ಕಿತು. ಆದರೆ ಬರೀ ಅದಲುಬದಲು ಸಾಲದು.

ರಿಜಿಸ್ಟರ್‌ಗೆ ಬರೆದದ್ದು ಪೋಸ್ಟೆಡ್ ರೈಟ್. ಸಿಪಿಯು ಕಾಗದ ಅಂಚೆಡಬ್ಬಕ್ಕೆ ಹಾಕಿ ಮುಂದೆ ಹೋಗಿರುತ್ತೆ, ಕಾರ್ಡಿಗೆ ಅದು ತಲುಪಿರಬೇಕು ಅಂತಿಲ್ಲ. ನಿಲ್ಲಿಸು ಅಂತ ಬರೆದ ಮೇಲೆ ಅದೇ ಸಾಧನದ ಒಂದು ರಿಜಿಸ್ಟರ್ ಓದಿ. ಓದು ವಾಪಸ್ ಬರಬೇಕಾದರೆ ಮುಂಚಿನ ಬರಹ ತಲುಪಿರಲೇಬೇಕು. ಪಿಸಿಐ ಎಕ್ಸ್‌ಪ್ರೆಸ್ ನಿಯಮದಂತೆ ಕಾರ್ಡ್ ಅದಕ್ಕೂ ಮೊದಲು ಕಳಿಸಿದ್ದ ಡಿಎಂಎ ಬರಹಗಳೂ ಆ ಉತ್ತರದ ಮುಂದೆಯೇ ರ‍್ಯಾಮ್ ಸೇರುತ್ತವೆ. ಆಮೇಲೆ ಕಾರ್ಡಿನ ಸ್ಟೇಟಸ್ ರಿಜಿಸ್ಟರ್‌ನಲ್ಲಿ ಐಡಲ್ ಬಿಟ್ ಬರುವ ತನಕ ಕಾಯಿರಿ, ಕಾಲಮಿತಿ ಇಟ್ಟು. ಅಂಕಿಅಂಶ ಓದುವ ಡಿಲೇಡ್ ವರ್ಕ್ ಇದ್ದರೆ ಕ್ಯಾನ್ಸಲ್_ಡಿಲೇಡ್_ವರ್ಕ್_ಸಿಂಕ್, ಇಂಟರಪ್ಟ್‌ಗೆ ಸಿಂಕ್ರನೈಸ್_ಐಆರ್‌ಕ್ಯು. ಇಷ್ಟಾದ ಮೇಲೆ ಅನ್‌ಮ್ಯಾಪ್, ಕೊನೆಯಲ್ಲಿ ಕೆಫ್ರೀ. ಐಡಲ್ ಬರದೆ ಕಾಲ ಮೀರಿದರೆ ತುಂಡನ್ನ ಬಿಡಲೇಬೇಡಿ. 512 ಬೈಟ್ ಸೋರಿಹೋದರೆ ಹೋಗಲಿ.

ಇನ್ನೂ ಸರಳ ದಾರಿ ಇದೆ, ನನಗೆ ಇಷ್ಟವಾದದ್ದೂ ಇದೇ. ಅಂಕಿಅಂಶದ ತುಂಡನ್ನ ಪ್ರೋಬ್‌ನಲ್ಲಿ (ಡ್ರೈವರ್ ಕಾರ್ಡನ್ನ ಹಿಡಿಯುವಾಗ) ಒಮ್ಮೆ ಡಿಎಂಎ_ಅಲಾಕ್_ಕೊಹೆರೆಂಟ್‌ನಿಂದ ಪಡೆದು ರಿಮೂವ್ (ಕಾರ್ಡನ್ನ ಬಿಡುವ) ತನಕ ಇಟ್ಟುಕೊಳ್ಳೋದು. ಲಿಂಕ್ ಹೋಗಿಬಂದಾಗೆಲ್ಲ ಬಿಟ್ಟು ಪಡೆಯುವ ಕೆಲಸವೇ ಇರಲ್ಲ. ರಿಮೂವ್‌ನಲ್ಲಿ ಮಾತ್ರ ಮೇಲಿನ ಕ್ರಮ ಪಾಲಿಸಿದರಾಯ್ತು.

ಸ್ಟ್ರಿಕ್ಟ್ ಹಾಕಿದರೆ ಕ್ರ್ಯಾಶ್ ನಿಲ್ಲುತ್ತೆ ಅಂತ ಡ್ರೈವರ್ ಸರಿಮಾಡದೆ ಬಿಡಬೇಡಿ. ಆದರೆ ತಿದ್ದುಪಡಿ ಸಿದ್ಧವಾಗುವ ತನಕ ಹಾಗೇ ಓಡಿಸಬಹುದು. ಪ್ಯಾಕೆಟ್ ವೇಗ ಸ್ವಲ್ಪ ಇಳಿಯುತ್ತೆ, ಡೇಟಾ ಹಾಳಾಗೋದಕ್ಕಿಂತ ವಾಸಿ. ಹಾಗೆಯೇ ಎಕ್ಸ್‌ಟಿ4 ಒಳಗೂ ಒಮ್ಮೆ ಬಿದ್ದಿದೆ, ಆ ಪಾರ್ಟಿಷನ್ ಅನ್‌ಮೌಂಟ್ ಮಾಡಿ ಇ2ಎಫ್‌ಎಸ್‌ಸಿಕೆ -ಎಫ್ ಓಡಿಸಿ. ಈ ತಿಂಗಳ ಬ್ಯಾಕಪ್‌ಗಳ ಚೆಕ್‌ಸಮ್‌ಗಳನ್ನೂ ಹೋಲಿಸಿ ನೋಡಿ. ಬೀಳದೇ ಉಳಿದ ಸಲಗಳಲ್ಲಿ ಯಾರ ತುಂಡಿನ ಮೇಲೆ ಲೆಕ್ಕ ಬರೆದಿತ್ತೋ ಗೊತ್ತಿಲ್ಲವಲ್ಲ.

ಪುಟ_4096:

ತಿದ್ದಿದ ಮೇಲೆ ಎಷ್ಟು ಹೊತ್ತು ಓಡಿಸಿದರೆ ನಂಬಬಹುದು ಅನ್ನೋದಕ್ಕೂ ಲೆಕ್ಕ ಇದೆ. ಪರೀಕ್ಷೆಗೆ ಪಿಟಿ ಮತ್ತೆ ಹಾಕಿ, ಸ್ಲಬ್_ಡೀಬಗ್ ಇರಲಿ, ಸ್ಟ್ರಿಕ್ಟ್ ಬೇಡ. 200ಕ್ಕೆ 5 ಅಂದರೆ 40ಕ್ಕೆ ಒಂದು. 120 ಸಲ ಶುದ್ಧವಾಗಿ ಓಡಿದರೂ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ಶೇ 5ರಷ್ಟು ಉಳಿಯುತ್ತೆ. 300 ಸಲ ಓಡಿಸಿದರೆ ಎರಡು ಸಾವಿರಕ್ಕೆ ಒಂದು. ಒಂದೂಕಾಲು ಗಂಟೆಯ ಕೆಲಸ. ಲೂಪ್ ಇಲ್ಲದೆ ಬರೀ ಕಾಯುತ್ತೇನೆ ಅಂದರೆ ಎರಡೂವರೆ ದಿನದ ಮೂರು ಪಟ್ಟು, ಏಳೂವರೆ ದಿನ ಕೂತು ನೋಡಬೇಕು, ಅದೂ ಆ ಶೇ 5ಕ್ಕೆ.

ರೀಬೂಟ್_ರಾಯ:

ಡಿಎಂಎ_ಅಲಾಕ್_ಕೊಹೆರೆಂಟ್ ದಾರಿಯಲ್ಲಿ ತಿದ್ದಿದೆ. ಪಿಟಿ ಹಾಕಿ, ಸ್ಟ್ರಿಕ್ಟ್ ತೆಗೆದು 400 ಸಲ ಓಡಿಸಿದೆ, ಪಾಯ್ಸನ್ ವರದಿ ಸೊನ್ನೆ. ಮತ್ತೆ ಸ್ಟ್ರಿಕ್ಟ್ ಹಾಕಿ 400, ಡಿಮಾರ್ ಸಾಲೂ ಸೊನ್ನೆ. ಇ2ಎಫ್‌ಎಸ್‌ಸಿಕೆಯಲ್ಲಿ ಎರಡು ಐನೋಡ್ ಲೆಕ್ಕ ತಪ್ಪಿತ್ತು, ಸರಿಯಾಯ್ತು. ಬ್ಯಾಕಪ್ ಹೋಲಿಕೆ ಓಡ್ತಾ ಇದೆ. ತಿದ್ದುಪಡಿಯನ್ನ ಡ್ರೈವರ್ ಬರೆದವರಿಗೆ ಕಳಿಸುವಾಗ ಪಾಯ್ಸನ್ ವರದಿ, ಡಿಮಾರ್ ಸಾಲು ಎರಡನ್ನೂ ಜೊತೆಗೆ ಇಡ್ತೇನೆ.

ಸೊನ್ನೆಒಂದು:

ಸರಿ, ರ‍್ಯಾಮ್ ಅಲ್ಲ. ಲೂಪಿನ ಸ್ಕ್ರಿಪ್ಟನ್ನೂ ಜೊತೆಗೆ ಕಳಿಸಿ, "ನಮ್ಮಲ್ಲಿ ಬರ್ತಿಲ್ಲ" ಅನ್ನೋ ಉತ್ತರಕ್ಕೆ ದಾರಿ ಇರಲ್ಲ.